ಹಬ್ಬದ ಕೀಲೆಣ್ಣೆ

ಚಕ್ರ ಸದ್ದು ಮಾಡುತ್ತದೆ ಎಂದು ಸೈಕಲ್ ತರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಗೊತ್ತಿರುವುದಿಲ್ಲ. ಭಾನುವಾರ ಬೆಳಗ್ಗೆ ಮೈಸೂರಿನಿಂದ ಬಣ್ಣಬಣ್ಣದ ಬಿಗಿಯಂಗಿ ತೊಟ್ಟು ನಾಗರಹೊಳೆ ಕಡೆ ಹೊರಡುವ ರೇಸ್ ಸೈಕಲ್ಲಿನವರೂ ಅಷ್ಟೆ, ಕೆ.ಆರ್. ನಗರದಿಂದ ಹಾಲಿನ ಕ್ಯಾನು ನೇತುಹಾಕಿಕೊಂಡು ಬರುವ ನಮ್ಮ ಲಿಂಗಯ್ಯನೂ ಅಷ್ಟೆ. ಹುಣಸೂರಿನ ಸೇತುವೆ ದಾಟಿದ ಕೂಡಲೇ ನನ್ನ ಅಂಗಡಿ. ಎಲ್ಲರೂ ಅಲ್ಲಿ ನಿಲ್ಲಿಸಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನಾನೇನು ದೊಡ್ಡ ಪಂಡಿತನಲ್ಲ. ಇಡೀ ಚಕ್ರ ಬಿಚ್ಚಿ ಗುಡ್ಡೆ ಹಾಕಿಕೊಂಡು ಕೂತ ಮೇಲೆ, ಸದ್ದು ಸೀಟಿನಡಿಯ ಬೀಗದ ಕೈ ಗೊಂಚಲಿನದು ಎಂದು ಗೊತ್ತಾಗಿ ಪೆಚ್ಚಾಗಿದ್ದೂ ಉಂಟು.

ಆದರೂ ಸದ್ದು ಹುಡುಕುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಮೊದಲು ರೇಡಿಯೋ ಬಂದ್ ಮಾಡುತ್ತೇನೆ, ಪಕ್ಕದ ಟೀ ಅಂಗಡಿಯವನಿಗೆ ಬಾಯಿ ಮುಚ್ಚು ಎನ್ನುತ್ತೇನೆ. ಸೈಕಲ್ ನೇತುಹಾಕಿ ಚಕ್ರ ತಿರುಗಿಸುತ್ತೇನೆ. ಸುತ್ತಿಗೊಂದು ಸಲ ‘ಟಕ್’ ಎಂದರೆ ಎಲ್ಲೋ ಒಂದು ಕಡ್ಡಿ ಸಡಿಲವಾಗಿದೆ. ಗರಗರ ಎಂದರೆ ಒಳಗಿನ ಗುಂಡುಗಳು ಸವೆದಿವೆ. ಹತ್ತಿ ತುಳಿದಾಗ ಮಾತ್ರ ಕಟಕಟ ಎಂದರೆ ಕಡ್ಡಿಗಳು ಒಂದಕ್ಕೊಂದು ಉಜ್ಜುತ್ತಿವೆ. ಇವಕ್ಕೆಲ್ಲ ಮದ್ದುಂಟು.

ಒಂದು ಸದ್ದಿಗೆ ಮಾತ್ರ ಮದ್ದು ಮಾಡಬಾರದು. ಪೆಡಲ್ ತುಳಿಯದೆ ಸುಮ್ಮನೆ ಉರುಳಲು ಬಿಟ್ಟಾಗ ರೇಸ್ ಸೈಕಲ್ಲಿನ ಹಿಂದಿನ ಚಕ್ರ ಟಿಕಟಿಕ ಎಂದು ಕೂಗುತ್ತದೆ. ಫ್ರೀವೀಲಿನ ಒಳಗೆ ಮೂರು ಪುಟ್ಟ ಕೊಕ್ಕೆಗಳಿವೆ, ಅವುಗಳ ಬೆನ್ನಿಗೆ ಕೂದಲೆಳೆಯಂಥ ಸ್ಪ್ರಿಂಗು. ತುಳಿಯದೆ ಬಿಟ್ಟಾಗ ಕೊಕ್ಕೆಗಳು ಹಲ್ಲಿನ ಮೇಲೆ ಕುಣಿಯುತ್ತವೆ, ಅದೇ ಆ ಕೂಗು. ತುಳಿದ ತಕ್ಷಣ ಎದ್ದು ಹಲ್ಲಿಗೆ ಕಚ್ಚಿಕೊಳ್ಳುತ್ತವೆ, ಚಕ್ರ ಮುಂದಕ್ಕೆ ಹೋಗುತ್ತದೆ. ಕೂಗುತ್ತಿದೆ ಎಂದರೆ ಕೊಕ್ಕೆಗಳು ಎಚ್ಚರವಾಗಿವೆ ಎಂದು ಅರ್ಥ.

ಇಷ್ಟನ್ನೂ ನಾನು ಕಾವ್ಯಶ್ರೀಗೆ ಹೇಳಿಕೊಟ್ಟಿದ್ದೆ. ಅವಳ ಅಪ್ಪನಿಗೆ ಹೇಳುವ ಸಂದರ್ಭ ಯಾಕೆ ಬರುತ್ತದೆ?

ಕಾವ್ಯಶ್ರೀ ಹನಗೋಡಿನ ಕಡೆಯ ಹುಡುಗಿ. ಕಾಲೇಜಿಗೆ ಹುಣಸೂರಿಗೆ ಬರುತ್ತಿದ್ದಳು. ಯಾರದೋ ಹಳೇ ಸೈಕಲ್ಲಿನಲ್ಲಿ ಬಸ್ಸಿಗಿಂತ ಮುಂಚೆ ಬಂದು ಇಳಿಯುತ್ತಾಳೆ ಎಂಬ ಸುದ್ದಿ ಮೊದಲು ಬಂತು, ಆಮೇಲೆ ಅವಳೇ ಬಂದಳು. ಮೈಸೂರಿನ ಒಬ್ಬರು ಮಾರಲು ನನ್ನಲ್ಲಿ ಬಿಟ್ಟಿದ್ದ ರೇಸ್ ಸೈಕಲ್ಲನ್ನು ಅಂಗಡಿ ಮುಂದೆ ನಿಂತು ದಿನಾ ನೋಡುತ್ತಿದ್ದಳು. ಕೊನೆಗೆ ಅಪ್ಪನನ್ನು ಕರೆತಂದು ಕೊಡಿಸಿಕೊಂಡಳು. ಎಚ್.ಡಿ. ಕೋಟೆಯ ಸುಕನ್ಯ ಎಂಬ ಇನ್ನೊಂದು ಹುಡುಗಿಯ ಜೊತೆ ಸೇರಿ ಅಭ್ಯಾಸ ಮಾಡುತ್ತಿದ್ದಳು. ನನ್ನನ್ನು ಮಾಮ ಎನ್ನುತ್ತಿದ್ದಳು. ನನಗೆ ಹೆಣ್ಣುಮಕ್ಕಳಿಲ್ಲ. ಅವಳು ಬಂದ ದಿನ ನನಗೆ ಹಬ್ಬವೇ.

ಹೋದ ವರ್ಷ ಆಯುಧಪೂಜೆ, ವಿಜಯದಶಮಿ ಮುಗಿದ ಮಾರನೆಯ ಬೆಳಗ್ಗೆ, ಅವರ ಊರಿನ ಹೊರಗಿನ ಇಳಿಜಾರು ಮುಗಿಯುವ ತಿರುವಿನಲ್ಲಿ ಕಾವ್ಯಶ್ರೀ ಸೈಕಲ್ಲಿನಿಂದ ಬಿದ್ದಳು. ಹಿಂದೆ ಮರದ ದಿಮ್ಮಿ ತುಂಬಿದ ಲಾರಿ ಇತ್ತು. ಆಸ್ಪತ್ರೆಯವರೆಗೂ ಹೋಗುವಷ್ಟು ಜೀವ ಉಳಿದಿರಲಿಲ್ಲ.

ಪುಟ್ಟಸ್ವಾಮಣ್ಣ, ಅಂದರೆ ಕಾವ್ಯಶ್ರೀಯ ಅಪ್ಪ, ನನ್ನ ಅಂಗಡಿಗೆ ಬಂದದ್ದು ಶಿವರಾತ್ರಿ ಕಳೆದ ಮೇಲೆ, ಒಂದು ಮಧ್ಯಾಹ್ನ. ಲಗೇಜ್ ಆಟೋದಿಂದ ಸೈಕಲ್ ಇಳಿಸಿಕೊಂಡು, ಹ್ಯಾಂಡಲ್ ಹಿಡಿದು ನಿಂತರು. ಪೊಲೀಸಿನವರು ಇಷ್ಟು ದಿನ ಇಟ್ಟುಕೊಂಡಿದ್ದು ಆಗಷ್ಟೇ ಬಿಟ್ಟುಕೊಟ್ಟಿದ್ದರು. ಹಿಂದೆ ಅವರ ಹೆಂಡತಿ ಕುಳ್ಳಮ್ಮ ಇಳಿದು, ಯಾರನ್ನೂ ನೋಡದೆ, ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತರು. ಟೀ ಬೇಡ ಎಂದರು, ನೀರೂ ಬೇಡ ಎಂದರು.

ಸೈಕಲ್ಲನ್ನು ಸುಕನ್ಯಳಿಗೆ ಕೊಡಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮನೆಯಲ್ಲಿಟ್ಟುಕೊಂಡರೆ ತುಕ್ಕು ಹಿಡಿಯುತ್ತದೆ, ಆ ಹುಡುಗಿ ತುಳಿದರೆ ಮಗಳ ಹೆಸರಿನಲ್ಲಿ ಓಡಿದಂತಾಗುತ್ತದೆ ಎಂದರು ಪುಟ್ಟಸ್ವಾಮಣ್ಣ. ಕೊಡುವ ಮುಂಚೆ ಚೆನ್ನಾಗಿ ಮಾಡಿಕೊಡಿ, ಹಿಂದಿನ ಚಕ್ರ ಟಕ್ ಟಕ್ ಎನ್ನುತ್ತದೆ ಎಂದರು. ಅಷ್ಟು ಹೇಳಿ ಮುಗಿಯಿತು ಎಂದುಕೊಂಡೆ. ಅವರು ಹೋಗಲಿಲ್ಲ. ಹೊರಗಿನ ಬೆಂಚಿನ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ಸಣ್ಣ ದನಿಯಲ್ಲಿ ಹೇಳಿದರು.

‘ಎಲ್ಲರೂ ಅವ್ಳ ಮ್ಯಾಲೇ ಆಕ್ತಾವ್ರೆ ದೇವಣ್ಣ. ಕಿವೀಗೆ ಹಾಡು ಸಿಗಿಸ್ಕೊಂಡಿದ್ಲು ಅಂತಾರೆ, ಸರ್ಕಸ್ ಮಾಡೋಕೆ ಓಗಿ ಬಿದ್ಲು ಅಂತಾರೆ. ನನ್ ಮಗಳು ಆಯ ತಪ್ಪೋಳಲ್ಲ. ಈ ಸೈಕಲ್ ಏನಾರ ಏಳ್ತದಾ, ವಸಿ ನೋಡಿ.’

ಪೊಲೀಸಿನವರೂ ಹಾಗೇ ಬರೆದುಕೊಂಡಿದ್ದರು, ಆಯತಪ್ಪಿ ಬಿದ್ದಳು ಎಂದು. ಅವಳ ಸೋದರಮಾವನೇ ಹನ್ನೊಂದನೆಯ ದಿನದ ಕಾರ್ಯದಲ್ಲಿ, ಎಲೆ ಮುಂದೆ ಕೂತು, ಹೆಣ್ಣುಮಕ್ಕಳಿಗೆ ಇಂಥದ್ದೆಲ್ಲ ಕೊಡಿಸಿದರೆ ಇನ್ನೇನಾಗುತ್ತದೆ ಎಂದಿದ್ದನಂತೆ. ಅವತ್ತು ಅವನ ಎಲೆಗೆ ಅನ್ನ ಬಡಿಸಿದವರು ಕುಳ್ಳಮ್ಮನೇ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನೋಡುತ್ತೇನೆ ಎಂದೆ. ರೇಡಿಯೋ ಬಂದ್ ಮಾಡಿದೆ.

ಟಕ್ ಟಕ್ ಎನ್ನುತ್ತಿದ್ದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಿದ್ದ ಏಟಿಗೆ ಬಲಗಡೆ ಕೆಲವು ಕಡ್ಡಿ ಸಡಿಲವಾಗಿದ್ದವು, ರಿಮ್ಮು ಸ್ವಲ್ಪ ಬೆಂಡಾಗಿತ್ತು. ಎರಡೆರಡು ಕಡ್ಡಿ ಸೇರಿಸಿ ಬೆರಳಲ್ಲಿ ಹಿಸುಕುತ್ತಾ ಬಂದೆ, ಮೆತ್ತಗಿದ್ದವನ್ನು ಕೀಲಿ ಹಾಕಿ ಬಿಗಿ ಮಾಡಿದೆ, ಬೆಂಡು ತೆಗೆದೆ. ಪುಟ್ಟಸ್ವಾಮಣ್ಣ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಚಕ್ರವನ್ನು ಜೋರಾಗಿ ತಿರುಗಿಸಿದೆ. ಟಕ್ ಎನ್ನುವುದು ಹೋಗಿತ್ತು. ನೆಟ್ಟಗೆ, ನುಣ್ಣಗೆ ತಿರುಗುತ್ತಿತ್ತು.

ಏನೋ ಸರಿಯಿಲ್ಲ ಅನ್ನಿಸಿತು. ಇನ್ನೊಮ್ಮೆ ತಿರುಗಿಸಿದೆ. ಎಷ್ಟು ವರ್ಷದಿಂದ ಸದ್ದು ಹುಡುಕುತ್ತಾ ಬಂದವನು ನಾನು. ಅವತ್ತು ಹುಡುಕಬೇಕಾಗಿದ್ದದ್ದು ಇಲ್ಲದೇ ಹೋಗಿರುವ ಸದ್ದನ್ನು. ಚಕ್ರ ಕೂಗುತ್ತಿರಲಿಲ್ಲ. ನಾನೇ ಮಾರಿದ ಸೈಕಲ್ಲು, ಅದರ ಟಿಕಟಿಕ ನನಗೆ ಸೇತುವೆಯ ಆಚೆಯಿಂದಲೇ ಗೊತ್ತಾಗುತ್ತಿತ್ತು. ಪೆಡಲನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ಅದುಮಿ, ಬಲವಾಗಿ ತಳ್ಳಿ ನೋಡಿದೆ. ಒಂದೆರಡು ಸಲ ಹಿಡಿಯಿತು. ಆಮೇಲೊಮ್ಮೆ ಪೆಡಲ್ ಗಾಳಿಯಲ್ಲಿ ತಿರುಗಿದಂತೆ ಸುಯ್ಯೆಂದು ಕೆಳಕ್ಕೆ ಹೋಯಿತು, ಚಕ್ರ ಇದ್ದಲ್ಲೇ ಇತ್ತು.

ಫ್ರೀವೀಲ್ ಬಿಚ್ಚಿದೆ. ಒಳಗೆ ಕಪ್ಪಗೆ, ಅಂಟಂಟಾಗಿ, ದಪ್ಪಗೆ ಎಣ್ಣೆ ತುಂಬಿತ್ತು. ಮೂಗಿನ ಹತ್ತಿರ ತಂದೆ. ಹರಳೆಣ್ಣೆ, ಸುಟ್ಟ ಹುಲ್ಲಿನ ಬೂದಿ. ಎತ್ತಿನ ಗಾಡಿಯ ಕೀಲಿಗೆ ಹಾಕುವ ಕೀಲೆಣ್ಣೆ. ಮೂರು ಕೊಕ್ಕೆಗಳಲ್ಲಿ ಎರಡು ಅದರಲ್ಲಿ ಹೂತು ಮಲಗಿಬಿಟ್ಟಿದ್ದವು. ಮೂರನೆಯದು ಅರ್ಧ ಎದ್ದು ನಿಂತಿತ್ತು.

ಯಾರು ಹಾಕಿದರು ಎಂದು ಕೇಳಿದೆ. ನನ್ನ ಬಾಯಿಗೆ ಆಗಲೇ ಉತ್ತರ ಗೊತ್ತಿತ್ತೋ ಏನೋ, ಮಾತು ತೊದಲಿತು.

‘ನಾನೇ’ ಎಂದರು ಪುಟ್ಟಸ್ವಾಮಣ್ಣ. ಅವತ್ತು ಬಂದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಒಂದು ಚೂರು ಕಳೆ ಬಂತು.

ಅವರು ಹೇಳಿದ್ದು ಇಷ್ಟು. ಹೊಗೆಸೊಪ್ಪು ಬೇಯಿಸುವ ಕೆಲಸದ ನಡುವೆ ಹಬ್ಬ ಬಂದಿತ್ತು. ಆಯುಧಪೂಜೆಯ ದಿನ ಮನೆಯಲ್ಲಿ ಚಕ್ರ ಅನ್ನುವುದು ಏನಿದೆಯೋ ಅದನ್ನೆಲ್ಲ ತೊಳೆದು, ಎಣ್ಣೆ ಕಾಣಿಸಿ, ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು ತುಳಿಸುವುದು ಅವರ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಊರಲ್ಲಿ ಈಗ ಮರದ ಚಕ್ರದ ಗಾಡಿ ಉಳಿದಿರುವುದು ಅವರದೊಂದೇ. ಆ ಕಡೆ ಗಾಡಿಯ ಕೀಲು ಕಿರುಗುಟ್ಟಿದರೆ ಯಜಮಾನನಿಗೆ ಮಾನ ಹೋದ ಹಾಗೆ. ‘ಯಾವನ್ಲಾ ಅದು, ಗಾಡಿ ಅಳುಸ್ಕೊಂಡು ಓಯ್ತಾವ್ನೆ’ ಎಂದು ದಾರಿಯಲ್ಲಿ ಹೋಗುವವರು ನಗುತ್ತಾರೆ. ತನ್ನ ಮನೆಯಿಂದ ಹೊರಡುವ ಯಾವ ಚಕ್ರವೂ ಅಳುತ್ತಾ ಹೋಗಬಾರದು ಎಂದು ಪುಟ್ಟಸ್ವಾಮಣ್ಣನ ಹಟ. ಮಗಳ ಸೈಕಲ್ಲು ಮಾತ್ರ ಬಂದ ದಿನದಿಂದ ಟಿಕಟಿಕ ಎಂದು ಅಳುತ್ತಲೇ ಇತ್ತು. ಮಗಳು ಅದು ಹಾಗೇ ಇರೋದು ಎಂದಿದ್ದಳು. ಎಣ್ಣೆ ಹಾಕಲು ಬೇಸರಪಟ್ಟುಕೊಂಡು ಹಾಗೆ ಹೇಳುತ್ತಾಳೆ ಎಂದು ಅವರು ತಿಳಿದಿದ್ದರು. ಹಬ್ಬದ ದಿನ ಅವಳು ನೆಂಟರ ಮನೆಗೆ ಹೋಗಿದ್ದಾಗ ಸೈಕಲ್ಲನ್ನು ಮಗ್ಗುಲಾಗಿ ಮಲಗಿಸಿ, ಕೀಲೆಣ್ಣೆಯನ್ನು ಬೆಚ್ಚಗೆ ಮಾಡಿ, ಸಂದಿಯಲ್ಲಿ ತೊಟ್ಟುತೊಟ್ಟಾಗಿ ಬಿಟ್ಟಿದ್ದರು. ಬೆಚ್ಚಗಿದ್ದದ್ದು ಚೆನ್ನಾಗಿ ಇಳಿಯಿತು. ಎತ್ತಿ ನಿಲ್ಲಿಸಿ ತಿರುಗಿಸಿದರೆ ಒಂದಿಷ್ಟೂ ಸದ್ದಿಲ್ಲ.

‘ಇನ್ನೂರು ಸಲ ಏಳಿದ್ಲು ನಂಗೆ, ಅಪ್ಪಾ ಕೈ ಮಡಗ್ಬ್ಯಾಡ ಅಂತವ. ನಾನೇ ಕದ್ದು ಮಾಡ್ದೆ ಕಣ್ರೀ. ನೋಡಿ ಖುಸಿ ಪಡ್ಲಿ ಅಂತ.’

ನಾನು ಬಟ್ಟೆ ತೆಗೆದುಕೊಂಡು ಕೊಕ್ಕೆಗಳನ್ನು ಒರೆಸತೊಡಗಿದೆ. ತಲೆ ಎತ್ತುವ ಧೈರ್ಯ ಇರಲಿಲ್ಲ. ನನ್ನ ಕಣ್ಣ ಮುಂದೆ ಆ ಬೆಳಗ್ಗೆ ನಡೆದದ್ದೆಲ್ಲ ಬಂತು. ಹಬ್ಬ ಮುಗಿದು ಅವಳು ಮೊದಲ ಸಲ ಸೈಕಲ್ ಹತ್ತಿದ್ದಾಳೆ. ಕಾಡಂಚಿನ ಊರು, ಬೆಳಗಿನ ಥಂಡಿ, ಒಳಗಿನ ಎಣ್ಣೆ ಗಟ್ಟಿಯಾಗಿದೆ. ಮೆಲ್ಲಗೆ ತುಳಿಯುವಾಗ ಆ ಒಂದು ಕೊಕ್ಕೆ ಹೇಗೋ ಹಿಡಿದಿದೆ. ಇಳಿಜಾರಿನಲ್ಲಿ ತುಳಿಯದೆ ಬಿಟ್ಟಿದ್ದಾಳೆ, ಹಿಂದಿನ ಲಾರಿಯ ಸದ್ದಿನಲ್ಲಿ ಚಕ್ರ ಕೂಗದಿದ್ದದ್ದು ಗೊತ್ತಾಗಿಲ್ಲ. ತಿರುವು ದಾಟಲು, ಹಿಂದೆ ಬರುವ ಲಾರಿಗಿಂತ ಮುಂದೆ ಹೋಗಲು, ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದ್ದಾಳೆ. ಅಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಯಾರೇ ಆಗಿದ್ದರೂ ಬೀಳುತ್ತಿದ್ದರು.

ಈ ಮಾತನ್ನು ಹೇಳಿದರೆ ಮಗಳ ಮೇಲಿನ ಅಪವಾದ ಹೋಗುತ್ತದೆ. ಅಪ್ಪ ಏನಾಗುತ್ತಾರೆ? ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆದೆ, ತೊಳೆದಷ್ಟೂ ಕಪ್ಪು ಬರುತ್ತಿತ್ತು. ದೇವರು ನನ್ನ ಕೈಗೆ ಇಂಥ ಕೆಲಸ ಕೊಟ್ಟನಲ್ಲ ಎಂದು ಸಿಟ್ಟು ಬಂತು. ಸ್ಪ್ರಿಂಗು ಕೂರಿಸಿ, ತೆಳ್ಳನೆಯ ಎಣ್ಣೆಯ ಒಂದೇ ಹನಿ ಹಾಕಿ, ಫ್ರೀವೀಲ್ ಮುಚ್ಚುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

‘ಸೈಕಲ್ದು ಏನೂ ಇಲ್ಲ ಪುಟ್ಟಸ್ವಾಮಣ್ಣ. ಎಲ್ಲ ಸರಿಯಾಗೇ ಇತ್ತು’ ಎಂದೆ.

ಅವರು ಮುಚ್ಚಿದ ಫ್ರೀವೀಲನ್ನೇ ನೋಡಿದರು. ಆಮೇಲೆ, ‘ಅಂಗಾರೆ ಅವ್ಳೇ ಬಿದ್ಲಾ?’ ಎಂದರು.

ಎದುರಿಗೆ ಕೂತ ಮನುಷ್ಯ ನೋಡನೋಡುತ್ತಲೇ ಕುಗ್ಗಿಹೋದರು. ನಾನು ಅವರನ್ನು ಉಳಿಸಲು ಹೊರಟಿದ್ದೆ, ಕೈಯಾರೆ ಇನ್ನಷ್ಟು ಕೊಂದಿದ್ದೆ. ಇಷ್ಟು ದಿನ ಊರವರ ಬಾಯಿಗೆ ಅಡ್ಡ ನಿಂತಿದ್ದ ಒಬ್ಬನೇ ಮನುಷ್ಯ ಈಗ ಊರವರು ಹೇಳಿದ್ದೇ ನಿಜ ಇರಬೇಕು ಎಂದುಕೊಂಡು ಏಳುತ್ತಿದ್ದರು. ಏಳುವಾಗ ಗೋಡೆ ಹಿಡಿದುಕೊಂಡರು.

ಚಕ್ರ ಕೂರಿಸಿ ಸೈಕಲ್ ಕೆಳಗಿಳಿಸಿಕೊಟ್ಟೆ. ಅವರು ಹ್ಯಾಂಡಲ್ ಹಿಡಿದು ಎರಡು ಹೆಜ್ಜೆ ತಳ್ಳಿದರು. ಟಿಕಟಿಕ ಎಂದು ಚಕ್ರ ಕೂಗಿತು. ಅವರು ನಿಂತು ಬಗ್ಗಿ ನೋಡಿದರು.

‘ಮತ್ತೆ ಅಳ್ತದಲ್ಲ ಇದು. ಇರ್ಲಿ ಬುಡಿ, ಆ ಮಗೀಗೆ ಕೊಡೋಕೆ ಮುಂಚೆ ನಾನೇ ವಸಿ ಕೀಲೆಣ್ಣೆ ಬುಡ್ತೀನಿ.’

ನನ್ನ ಕೈ ನನಗೆ ತಿಳಿಯದಂತೆಯೇ ಹೋಗಿ ಹ್ಯಾಂಡಲ್ ಹಿಡಿದುಕೊಂಡಿತು. ಸುಕನ್ಯಳ ಮುಖ ಕಣ್ಣ ಮುಂದೆ ಬಂತು. ಇನ್ನು ಸುಳ್ಳು ಹೇಳಿಕೊಂಡು ಕೂರುವ ಹಾಗಿರಲಿಲ್ಲ.

‘ಬ್ಯಾಡಿ’ ಎಂದೆ. ‘ಇದ್ಕೆ ಎಣ್ಣೆ ಬುಡಬ್ಯಾಡಿ, ಯಾವತ್ತೂ. ಇದು ಅಳ್ತಿರೋದಲ್ಲ. ಒಳಗೆ ಹಿಡಿತ ಐತೆ ಅಂತ ಏಳ್ತಿರೋದು. ಕೂಗ್ತಾ ಇದ್ರೇನೇ ತುಳಿದಾಗ ಕಚ್ಕೊಳ್ತದೆ.’

‘ಕೂಗ್ನಿಲ್ಲ ಅಂದ್ರೆ?’

ಅದನ್ನು ನಾನು ಹೇಳಬೇಕಾಗಿರಲಿಲ್ಲ. ಚಿಕ್ಕಂದಿನಿಂದ ಕೀಲು, ನೊಗ, ಚಕ್ರಗಳ ಜೊತೆ ಬಾಳಿದವರು ಅವರು. ಸೈಕಲ್ಲನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಕುಕ್ಕರಗಾಲಲ್ಲಿ ಕೂತು, ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರು. ಅದು ಕೂಗಿತು. ಪೆಡಲನ್ನು ಮುಂದಕ್ಕೆ ತಳ್ಳಿದರು. ಟಕ್ಕೆಂದು ಹಿಡಿಯಿತು. ಮತ್ತೆ ಬಿಟ್ಟರು, ಮತ್ತೆ ತಳ್ಳಿದರು. ಆಮೇಲೆ ನಾನು ಒರೆಸಿ ಬಿಸಾಡಿದ್ದ ಬಟ್ಟೆಯನ್ನು ಎತ್ತಿಕೊಂಡು ಮೂಸಿದರು.

‘ನಾನೇ ಅದ್ರ ಬಾಯಿ ಮುಚ್ಚಿಸ್ದೆ’ ಎಂದರು.

ಅವರ ಭುಜ ಹಿಡಿದುಕೊಂಡೆ. ಗೊತ್ತಿಲ್ಲದೆ ಆದದ್ದು, ಪ್ರೀತಿಯಿಂದ ಮಾಡಿದ್ದು ಎಂದೆಲ್ಲ ಏನೇನೋ ಹೇಳಿದೆ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಬಟ್ಟೆಯನ್ನು ಮಡಿಚಿ ಕೆಳಗಿಟ್ಟು ತಲೆ ಎತ್ತಿದರು.

‘ಅಂಗಾರೆ ನನ್ ಮಗಳ್ದು ಏನೂ ತಪ್ಪಿಲ್ಲ ಅಲ್ವಾ ದೇವಣ್ಣ?’

‘ಇಲ್ಲ’ ಎಂದೆ. ‘ಒಂದು ಚೂರೂ ಇಲ್ಲ.’

ಅವರು ತಲೆಯಾಡಿಸಿದರು. ಮುಖ ತೊಳೆಯಲು ನೀರು ಕೇಳಿದರು. ತೊಳೆದುಕೊಂಡು, ಟವೆಲಿನಲ್ಲಿ ಒರೆಸಿಕೊಂಡು, ಸೈಕಲ್ ತಳ್ಳಿಕೊಂಡು ಹೊರಗೆ ಬಂದರು. ಚಕ್ರ ಟಿಕಟಿಕ ಎನ್ನುತ್ತಿತ್ತು. ಬೆಂಚಿನ ಮೇಲಿದ್ದ ಕುಳ್ಳಮ್ಮ ಸರಕ್ಕನೆ ತಿರುಗಿ ನೋಡಿದರು. ಬಂದಾಗಿನಿಂದ ಕಲ್ಲಿನಂತೆ ಕೂತಿದ್ದವರು ಎದ್ದು ಬಂದು ಸೀಟಿನ ಮೇಲೆ ಕೈಯಿಟ್ಟರು.

‘ಇದೇ ಕಣಣ್ಣ ಅವ್ಳ ಸದ್ದು’ ಎಂದರು ನನ್ನ ಕಡೆ ನೋಡಿ. ‘ದಿನಾ ಬೆಳಿಗ್ಗೆ ಮಲಗಿದ್ದಂಗೇ ಕೇಳುಸ್ಕೊಳ್ತಿದ್ದೆ, ಓ ಮಗ ಒಂಟ್ಲು ಅಂತ. ಅವತ್ತು ಕೇಳುಸ್ನೇ ಇಲ್ಲ. ಯಾವಾಗ ಎದ್ದು ನಡೆದ್ಲೋ ಗೊತ್ತೇ ಆಗ್ನಿಲ್ಲ ನಂಗೆ.’

ಪುಟ್ಟಸ್ವಾಮಣ್ಣ ರಸ್ತೆ ನೋಡುತ್ತಾ ನಿಂತಿದ್ದರು. ‘ನಡಿ, ಮನೇಲಿ ಒಂದು ಮಾತು ಏಳೋದದೆ’ ಎಂದರು. ಆಟೋದವನು ತಿರುಗಿಸಿಕೊಂಡು ಸೇತುವೆಯ ಆ ಕಡೆ ನಿಲ್ಲಿಸಿಕೊಂಡಿದ್ದ. ಇಬ್ಬರೂ ಸೈಕಲ್ಲಿನ ಒಂದೊಂದು ಪಕ್ಕದಲ್ಲಿ ನಡೆಯುತ್ತಾ ಹೋದರು. ಹೆಂಡತಿ ಆ ಸದ್ದಿಗೆ ಕಿವಿಗೊಟ್ಟು ನಡೆಯುತ್ತಿದ್ದರು. ಗಂಡ ತಲೆ ತಗ್ಗಿಸಿದ್ದರು. ಅವತ್ತು ಮತ್ತೆ ನಾನು ಕೆಲಸ ಮಾಡಲಿಲ್ಲ, ಶಟರ್ ಎಳೆದು ಮನೆಗೆ ಹೋದೆ.

ಮನೆಯಲ್ಲಿ ಏನು ಹೇಳಿದರೋ, ಹೇಳಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ. ಸುಕನ್ಯ ಆ ಸೈಕಲ್ಲಿನಲ್ಲೇ ಓಡಾಡುತ್ತಿದ್ದಳು. ಒಂದೆರಡು ಸಲ ಅಂಗಡಿಗೂ ಬಂದಳು. ಪುಟ್ಟಸ್ವಾಮಣ್ಣನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೋನ್ ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮಾಡಿ ಏನು ಕೇಳುವುದು?

ಈ ವರ್ಷದ ಆಯುಧಪೂಜೆಗೆ ಅಂಗಡಿಯ ಪೂಜೆ ಬೇಗ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ನಾನೇ ಅವರ ಊರಿಗೆ ಹೋದೆ. ಇಳಿದ ಕಡೆ ಒಂದು ಟೀ ಅಂಗಡಿ. ಪೂಜೆ ಮುಗಿದ ಟ್ರ್ಯಾಕ್ಟರು, ಬೈಕುಗಳು ಹೂವಿನ ಹಾರ ಹಾಕಿಕೊಂಡು ಮಾರಮ್ಮನ ಗುಡಿಗೆ ಸುತ್ತು ಬರಲು ಸಾಲಾಗಿ ಹೋಗುತ್ತಿದ್ದವು. ಟೀ ಕುಡಿಯುತ್ತಾ ನಿಂತಿದ್ದವನಿಗೆ ದೂರದಿಂದ ಒಂದು ಸದ್ದು ಕೇಳಿಸಿತು. ಮರದ ಚಕ್ರ ಒಣಗಿದ ಕೀಲಿನ ಮೇಲೆ ತಿರುಗುವ ಸದ್ದು. ಅಂಥ ಕೂಗನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಎದೆಗೇ ಇಳಿಯುತ್ತಿತ್ತು.

ಪುಟ್ಟಸ್ವಾಮಣ್ಣ ಎತ್ತುಗಳ ಮುಂದೆ, ಮೂಗುದಾರ ಹಿಡಿದು, ಮೆಲ್ಲಗೆ ನಡೆದು ಬರುತ್ತಿದ್ದರು. ಗಾಡಿ ತೊಳೆದಿತ್ತು, ಚಕ್ರಗಳಿಗೆ ವಿಭೂತಿ ಹಚ್ಚಿತ್ತು, ಹೂವು ಮುಡಿಸಿತ್ತು. ಎಣ್ಣೆ ಮಾತ್ರ ಕಾಣಿಸಿರಲಿಲ್ಲ. ಗಾಡಿಯೊಳಗೆ ಕುಳ್ಳಮ್ಮ ಕೂತಿದ್ದರು. ಗಂಡನಿಗೆ ಬಿಸಿಲು ತಾಗದಂತೆ ಇರಲಿ ಎಂದೋ ಏನೋ, ತಮ್ಮ ಕೊಡೆಯನ್ನು ಮುಂದಕ್ಕೆ ಚಾಚಿ ಹಿಡಿದಿದ್ದರು. ಅದು ಅವರವರೆಗೆ ಮುಟ್ಟುತ್ತಿರಲಿಲ್ಲ. ಪುಟ್ಟಸ್ವಾಮಣ್ಣ ಹೆಂಡತಿಗೆ ಹೇಳಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು.

ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ಅವನೇ ಹೇಳಿದ, ಪುಟ್ಟಸ್ವಾಮಣ್ಣ ಪೊಲೀಸ್ ಠಾಣೆಗೂ ಹೋಗಿ ಹೇಳಿಬಂದರಂತೆ. ಆಮೇಲೆ ಊರಿನ ಒಂದೊಂದು ಮನೆ ಬಾಗಿಲಿಗೂ ಹೋಗಿ, ನಿಂತುಕೊಂಡೇ, ನನ್ನ ಮಗಳದ್ದು ತಪ್ಪಿಲ್ಲ, ಕೊಂದವನು ನಾನು ಎಂದು ಹೇಳಿದರಂತೆ. ಸೋದರಮಾವನ ಮನೆಗೆ ಮೊದಲು ಹೋದರಂತೆ. ಅಂದಿನಿಂದ ಆ ಗಾಡಿಯ ಕೀಲಿಗೆ ಎಣ್ಣೆ ಬಿದ್ದಿಲ್ಲ.

ರಸ್ತೆಯ ಎರಡೂ ಕಡೆ ಹಬ್ಬದ ಜನ ನಿಂತಿದ್ದರು. ಗಾಡಿ ಅಳುತ್ತಾ ಎಲ್ಲರ ಮುಂದೆ ದಾಟಿ, ಮಾರಮ್ಮನ ಗುಡಿಯ ಕಡೆಗೆ ತಿರುಗಿತು. ಯಾರೂ ನಗಲಿಲ್ಲ.